ಲೆಕ್ಚರರಿಗೆ ಪಾಠ ಹೇಳಿಕೊಡೋರು ಯಾರು?

ಸರಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕೂಡೋದು ಕಳೆಯೋದು ಹೇಳಿಕೊಡಬೇಕಾದರೆ ಡಿ.ಎಡ್ ಥರದ ತರಬೇತಿ ಆಗಿರಬೇಕು. ಹೈಸ್ಕೂಲಿಗೆ ಬಿ.ಎಡ್ ಬೇಕು. ಆದರೆ ಇಂಜಿನಿಯರಿಂಗ್ ಓದುವ ಅರವತ್ತು ಹುಡುಗರ ಮುಂದೆ ನಿಂತು ಪಾಠ ಮಾಡೋಕೆ? ಬಿ.ಇ, ಎಂ.ಟೆಕ್ ಎರಡೂ ಆಗಿದ್ದು ಒಂದರಲ್ಲಿ ಫಸ್ಟ್ ಕ್ಲಾಸ್ ಇದ್ದರೆ ಕೆಲಸಕ್ಕೆ ಅರ್ಹತೆ ಬಂತು. ಡಿಗ್ರಿ ಕಾಲೇಜಿನವರಿಗೆ ನೆಟ್ ಪರೀಕ್ಷೆ ಇದೆ, ಅದರ ಮೊದಲ ಪೇಪರಿನಲ್ಲಿ ಬೋಧನೆಯ ಬಗ್ಗೆ ಪ್ರಶ್ನೆಗಳೂ ಇವೆ. ಆದರೆ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿ ಪಾಠ ಮಾಡೋದು ಕಲಿಯೋದು ಅಂದರೆ ಕೆರೆ ದಂಡೆ ಮೇಲೆ ಕೂತು ಈಜು ಕಲಿತ ಹಾಗೆ!

ನನ್ನ ಕ್ಲಾಸ್‌ಮೇಟ್ ಒಬ್ಬ ಎಂ.ಟೆಕ್ ಮುಗಿಸಿ ಇಷ್ಟಪಟ್ಟೇ ಲೆಕ್ಚರರ್ ಆದ. ಪರೀಕ್ಷೆ ಹಿಂದಿನ ದಿನ ಹಾಸ್ಟೆಲಿನಲ್ಲಿ ನಮಗೆಲ್ಲ ಪಾಠ ಮಾಡಿ ಪಾಸ್ ಮಾಡಿಸುತ್ತಿದ್ದವನು ಅವನೇ. ಸೇರಿದ ವಾರವೇ ಎರಡು ಸಬ್ಜೆಕ್ಟ್, ಎರಡು ಲ್ಯಾಬ್ ತಲೆಗೆ ಕಟ್ಟಿದರು. ಅದರಲ್ಲಿ ಒಂದು ಸಬ್ಜೆಕ್ಟ್ ಅವನು ಓದೇ ಇರಲಿಲ್ಲ. ಜತೆಗೆ ನ್ಯಾಕ್ ಫೈಲು, ಅಡ್ಮಿಷನ್ ಸಮಯದಲ್ಲಿ ಪಿಯು ಕಾಲೇಜುಗಳಿಗೆ ಅಲೆದಾಟ. ಇಡೀ ವರ್ಷದಲ್ಲಿ ಒಬ್ಬ ಸೀನಿಯರ್ ಆದರೂ ಅವನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಲಿಲ್ಲ. ರಿಸಲ್ಟ್ ಬಂದ ದಿನ ಮಾತ್ರ ಎಲ್ಲರೂ ನೋಡಿದರು. "ನಿಮ್ಮ ಸಬ್ಜೆಕ್ಟಲ್ಲಿ ಯಾಕ್ರೀ ಇಷ್ಟು ಕಡಿಮೆ?" ಪ್ರೊಬೇಷನ್ ಮುಂದಕ್ಕೆ ಹೋಯಿತು, ಕಾರಣ ಕಾಗದದಲ್ಲಿ ಬರಲಿಲ್ಲ. ಈಗ ಅವನೂ ನನ್ನ ಹಾಗೆ ಕಂಪನಿಯಲ್ಲಿ ಕೋಡ್ ಬರೀತಿದ್ದಾನೆ. ನಷ್ಟ ಯಾರಿಗೆ ಹೇಳಿ?

ನಮ್ಮ ಸಾಫ್ಟ್‌ವೇರ್ ಕಂಪನಿಗಳನ್ನು ಬೈಯೋಕೆ ಬೇಕಾದಷ್ಟು ಕಾರಣಗಳಿವೆ, ನಾನೂ ಬೈತೀನಿ. ಆದರೆ ಇನ್ಫೋಸಿಸ್‌ನವರು ಫ್ರೆಶರ್‌ಗಳ ತರಬೇತಿಗೆ ಅಂತಲೇ ಮೈಸೂರಿನಲ್ಲಿ ದೊಡ್ಡ ಕ್ಯಾಂಪಸ್ ಕಟ್ಟಿದ್ದಾರೆ. ಹೊಸಬ ಬರೆದ ಕೋಡನ್ನು ಹಳಬನೊಬ್ಬ ರಿವ್ಯೂ ಮಾಡದೆ ಮುಂದೆ ಬಿಡೋದಿಲ್ಲ. ಹಾಳಾದ ಕೋಡನ್ನು ನಾಳೆ ಸರಿ ಮಾಡಬಹುದು. ಅರವತ್ತು ಹುಡುಗರ ಹಾಳಾದ ಸೆಮಿಸ್ಟರನ್ನು?

ಹಾಗಂತ ನಿಯಮ ಇಲ್ಲ ಅಂದುಕೋಬೇಡಿ. ಯುಜಿಸಿಯ 2018ರ ನಿಯಮಾವಳಿ ಪ್ರಕಾರ ಪ್ರೊಬೇಷನ್ ಒಂದು ವರ್ಷ, ಕೆಲಸ ತೃಪ್ತಿಕರ ಅಲ್ಲದಿದ್ದರೆ ಹೆಚ್ಚೆಂದರೆ ಇನ್ನೊಂದು ವರ್ಷ. ಹೊಸಬರಿಗೆ ಒಂದು ತಿಂಗಳ ಇಂಡಕ್ಷನ್ ಕೊಡಬೇಕು, ಅದೂ ಸಾಧ್ಯವಾದರೆ ಪಾಠ ಶುರು ಮಾಡುವ ಮುಂಚೆಯೇ, ಇಲ್ಲವಾದರೆ ವರ್ಷದೊಳಗೆ ಅಂತಲೂ ಅದರಲ್ಲೇ ಇದೆ. 2019ರಲ್ಲಿ 'ಗುರು ದಕ್ಷತಾ' ಅನ್ನೋ ಕೈಪಿಡಿಯೂ ಬಂತು. ಎಐಸಿಟಿಇಯವರು ತಾಂತ್ರಿಕ ಶಿಕ್ಷಕರಿಗೆ ಎಂಟು ಮಾಡ್ಯೂಲ್‌ಗಳ ಆನ್‌ಲೈನ್ ಕೋರ್ಸ್ ಮಾಡಿದ್ದಾರೆ. 1986ರ ಶಿಕ್ಷಣ ನೀತಿಯ ನಂತರ ಶುರುವಾದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಹೆಸರು ಬದಲಾಯಿಸಿಕೊಳ್ಳುತ್ತಾ ಈಗ ಮಾಳವೀಯ ಮಿಷನ್ ಕೇಂದ್ರಗಳಾಗಿವೆ.

ಬೋರ್ಡು ಬದಲಾಯಿತು, ರೋಗ ಬದಲಾಗಲಿಲ್ಲ. ಈ ಕೋರ್ಸುಗಳನ್ನು ಪ್ರಮೋಷನ್‌ಗೆ ಗಂಟು ಹಾಕಿದ್ದರಿಂದ ಅವು ಸರ್ಟಿಫಿಕೇಟ್ ಸಂಗ್ರಹ ಆಗಿಬಿಟ್ಟಿವೆ. ಎಂಟು ಮಾಡ್ಯೂಲ್ ಮುಗಿಸಿದರೂ ನಾಳೆ ಬೆಳಿಗ್ಗೆ ಒಂಬತ್ತರ ಕ್ಲಾಸಿನಲ್ಲಿ ಹಿಂದಿನ ಮೂರು ಬೆಂಚು ಯಾಕೆ ನಿದ್ದೆ ಮಾಡುತ್ತೆ ಅಂತ ಹೇಳೋರು ಬೇಕಲ್ಲ? ಅದನ್ನು ಹೇಳೋಕೆ ಯಾರಾದರೂ ಆ ಕ್ಲಾಸಿಗೇ ಬರಬೇಕು.

"ಪಾಠ ಮಾಡೋದು ಹುಟ್ಟಿನಿಂದ ಬರಬೇಕು ಕಣಯ್ಯ, ಕಲಿಸಿದರೆ ಬರಲ್ಲ" ಅನ್ನೋ ಹಿರಿಯರಿದ್ದಾರೆ. ಸಂಗೀತ ಹುಟ್ಟಿನಿಂದ ಬಂದವರೂ ಸರಳೆ ವರಸೆ ಬಿಟ್ಟು ಕಛೇರಿಗೆ ಕೂರಲ್ಲ ಸ್ವಾಮಿ. ಬ್ರಿಟನ್ನಿನಲ್ಲಿ 1997ರ ಡಿಯರಿಂಗ್ ವರದಿ, ಪ್ರೊಬೇಷನ್ ಮುಗಿಯಬೇಕಾದರೆ ಬೋಧನೆಯ ಅರ್ಹತೆಯನ್ನೂ ಗಳಿಸಿರಬೇಕು ಅನ್ನೋದು ರೂಢಿಗೆ ಬರಲಿ ಅಂತ ಶಿಫಾರಸು ಮಾಡಿತ್ತು. ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಹೊಸ ಲೆಕ್ಚರರ್‌ಗಳು ಪಾಠ ಮಾಡುತ್ತಲೇ ಬೋಧನೆಯ ಸರ್ಟಿಫಿಕೇಟ್ ಕೋರ್ಸ್ ಓದುತ್ತಾರೆ. ಅವರಿಗೆ ಬೇಕಾದ್ದು ನಮಗೆ ಬೇಡವೇ?

ಇನ್ನು ನಮ್ಮ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರ ಕಥೆಯಂತೂ ಕೇಳಲೇಬೇಡಿ. ವರ್ಷ ವರ್ಷ ಪಾಠ ಮಾಡಿದರೂ 'ಅತಿಥಿ'! ಕಾಯಂ ಆಗುವ ಕೆಲಸವೇ ಅಲ್ಲದ ಮೇಲೆ ಪ್ರೊಬೇಷನ್ ಎಲ್ಲಿಂದ ಬಂತು, ತರಬೇತಿ ಎಲ್ಲಿಂದ ಬಂತು? ಹುಡುಗರಿಗೆ ಮಾತ್ರ ಅವರೂ ಮೇಷ್ಟ್ರೇ, ಕಾಯಂ ಆದವರೂ ಮೇಷ್ಟ್ರೇ.

ನಾನು ಕೇಳ್ತಿರೋದು ಕೋಟಿಗಟ್ಟಲೆ ದುಡ್ಡಿನ ಯೋಜನೆ ಏನಲ್ಲ. ಮೊದಲ ಸೆಮಿಸ್ಟರಿನಲ್ಲಿ ಹೊಸಬರಿಗೆ ಒಂದೇ ಸಬ್ಜೆಕ್ಟ್ ಕೊಡಿ. ಒಬ್ಬ ಸೀನಿಯರನ್ನು ಜತೆಗೆ ಹಾಕಿ, ಆದರೆ ಪ್ರೊಬೇಷನ್ ವರದಿ ಬರೆಯೋರೇ ಆ ಸೀನಿಯರ್ ಆಗಿರಬಾರದು. ಆದರೆ ಹೊಸಬ ಬಾಯಿ ಬಿಟ್ಟು "ಇದು ನನಗೆ ಬರ್ತಿಲ್ಲ" ಅನ್ನೋಲ್ಲ. ಸೆಮಿಸ್ಟರಿಗೆ ಮೂರು ಸಲ ಅವರ ಕ್ಲಾಸಿನಲ್ಲಿ ಕೂತು ನೋಡಿ, ಅವರೂ ಹಿರಿಯರ ಕ್ಲಾಸಿನಲ್ಲಿ ಕೂರಲಿ. ಆರು ತಿಂಗಳಿಗೆ ಏನು ಚೆನ್ನಾಗಿದೆ, ಏನಿಲ್ಲ ಅಂತ ಬರೆದು ಕೊಡಿ. ಪ್ರೊಬೇಷನ್ ಮುಂದಕ್ಕೆ ಹಾಕಿದರೆ ಕಾರಣವನ್ನೂ ಬರೆದು ಕೊಡಿ. ಇದೆಲ್ಲ ಅತಿಥಿಗಳಿಗೂ ಸಿಗಲಿ.

ಪ್ರೊಬೇಷನ್ ಅಂದರೆ ಹೊಸಬರ ಪರೀಕ್ಷೆ ಅಂತ ಎಲ್ಲರೂ ತಿಳಿದಿದ್ದಾರೆ. ಸಿಲಬಸ್ಸನ್ನೇ ಹೇಳಿಕೊಡದೆ ಪರೀಕ್ಷೆ ಇಟ್ಟರೆ ಫೇಲಾಗೋದು ಕಾಲೇಜು, ಲೆಕ್ಚರರ್ ಅಲ್ಲ. ನಿಮ್ಮಲ್ಲಿ ಪಾಠ ಮಾಡುವ ಮೇಷ್ಟ್ರು, ಮೇಡಂಗಳು ಇದ್ದೀರಿ ಅಂತ ಗೊತ್ತು. ನಿಮ್ಮ ಮೊದಲ ವರ್ಷ ಹೇಗಿತ್ತು? ದಯವಿಟ್ಟು ಬರೆಯಿರಿ.