ಹೊಸ ಗಾಡಿಯ ದೋಷವನ್ನು ಅಳೆಯುವವರು ಯಾರು?

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಹೊತ್ತಿಗೆ ಸವದತ್ತಿಯ ಎಲ್ಲಮ್ಮನ ಗುಡ್ಡದ ಹಾದಿಯಲ್ಲಿ ನಿಂತು ನೋಡಿದವರಿಗೆ, ಗಾಡಿಯೇ ಮನೆಯಾಗುವ ಬಗೆಯನ್ನು ನಾವು ಬಣ್ಣಿಸಿ ಹೇಳಬೇಕಾಗಿಲ್ಲ. ಹಿಂದೆ ತೊರಗಲ್ಲ ನಾಡಿನ ಊರೂರುಗಳಿಂದ ಕೊಲ್ಲಾರಿ ಬಂಡಿಗಳು ಸಾಲುಗಟ್ಟಿ ಬರುತ್ತಿದ್ದವು. ಎತ್ತುಗಳನ್ನು ಬಿಚ್ಚಿ, ಬಂಡಿಯ ನೆರಳಿನಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ, ಎರಡು ಮೂರು ರಾತ್ರಿ ಅಲ್ಲಿಯೇ ಕಳೆದು ಜನರು ಊರಿಗೆ ಮರಳುತ್ತಿದ್ದರು. ಈಗ ಬಂಡಿಗಳು ವಿರಳವಾಗಿವೆ. ತಾಡಪತ್ರಿಯ ಮಾಡು ಹೊದ್ದ ಟ್ರ್ಯಾಕ್ಟರ್ ಟ್ರೇಲರುಗಳೂ ಪಿಕಪ್ ಗಾಡಿಗಳೂ ಅವುಗಳ ಸ್ಥಾನವನ್ನು ಪಡೆದಿವೆ. ಒಳಗೆ ಹಾಸಿಗೆ, ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, ನೀರಿನ ಕೊಡ ಎಲ್ಲವೂ ಮೊದಲಿನಂತೆಯೇ ಇವೆ.

ನಮ್ಮ ಮನೆಯಲ್ಲಿಯೂ ಇಂಥದೊಂದು ಹೊಸ ಪಿಕಪ್ ಗಾಡಿಯನ್ನು ಕೊಂಡೆವು. ವರ್ಷದ ಬಹುಪಾಲು ಹೊಲದ ಮಾಲನ್ನು ಹೊರುವುದಕ್ಕೆ, ಹುಣ್ಣಿಮೆಗೊಮ್ಮೆ ಗುಡ್ಡಕ್ಕೆ ಹೋಗುವುದಕ್ಕೆ. ಮೊದಲನೆಯ ಸಲ ಮನೆಮಂದಿಯೆಲ್ಲ ಸಾಮಾನು ಸಹಿತ ಹೊರಟಾಗಲೇ, ಗಂಟೆಗೆ 55 ಕಿಲೋಮೀಟರು ವೇಗವನ್ನು ದಾಟಿದೊಡನೆ ಗಾಡಿಯ ತಳವು ಗುಂಯ್ಯೆಂದು ನಡುಗತೊಡಗಿತು. 65ನ್ನು ಮೀರಿದರೆ ನಡುಕ ತಾನಾಗಿಯೇ ಅಡಗುತ್ತಿತ್ತು. ಏರಿನಲ್ಲಿ ಅದು ಇನ್ನಷ್ಟು ಪ್ರಬಲ. ಕಾಲಿನಡಿಯ ತಗಡು ಜೇನುಗೂಡಿನಂತೆ ಮೊರೆಯುತ್ತಿದ್ದಾಗ ಮಕ್ಕಳು ನಕ್ಕರು. ಹಣ ತೆತ್ತ ನಾವು ನಗಲಿಲ್ಲ.

ಗಾಡಿಗೆ ವಾರಂಟಿ ಇದ್ದಿತು. ಆದ್ದರಿಂದ ಮಾರಾಟಗಾರರ ಕಾರ್ಯಾಗಾರಕ್ಕೆ ಒಯ್ದೆವು. ಅಲ್ಲಿಯ ಮೇಸ್ತ್ರಿಯು ಖಾಲಿ ಗಾಡಿಯನ್ನು ಹೆದ್ದಾರಿಯಲ್ಲಿ ಒಂದು ಸುತ್ತು ಓಡಿಸಿಕೊಂಡು ಬಂದು, "ಏನೂ ದೋಷ ಇಲ್ರೀ. ಹೊಸಾ ಗಾಡಿ ಅಂದ್ರ ಸ್ವಲ್ಪ ಹಿಂಗ ಇರ್ತೈತ್ರೀ, ಓಡಿಸಿಧಂಗ ಸರಿ ಆಗ್ತೈತಿ" ಎಂದನು. ಜಾಬ್ ಕಾರ್ಡಿನಲ್ಲಿ "ದೋಷ ಕಂಡುಬಂದಿಲ್ಲ" ಎಂಬ ಎರಡು ಮೂರು ಪದಗಳು ಬಿದ್ದವು. ಎರಡನೆಯ ಸಲವೂ ಅದೇ ಉತ್ತರ. ಮೂರನೆಯ ಸಲ ಗಾಲಿಗಳ ಸಮತೋಲನವನ್ನು ಸರಿಪಡಿಸಿ ಕಳುಹಿದರು. ನಡುಕ ಹಾಗೆಯೇ ಉಳಿಯಿತು.

ಈ ಮೇಸ್ತ್ರಿಯು ಸುಳ್ಳು ಹೇಳಿದನೆಂದು ನಾವು ಭಾವಿಸುವುದಿಲ್ಲ. ಅವನು ಓಡಿಸಿದಾಗ ದೋಷವು ನಿಜವಾಗಿಯೂ ಕಾಣಿಸಿಕೊಂಡಿರಲಿಲ್ಲ. ಆದರೆ "ನಾವು ನೋಡಿದಾಗ ಕಾಣಲಿಲ್ಲ" ಎಂಬುದಕ್ಕೂ "ದೋಷವಿಲ್ಲ" ಎಂಬುದಕ್ಕೂ ನಡುವೆ ಎಷ್ಟು ದೊಡ್ಡ ಅಂತರವಿದೆಯೆಂಬುದನ್ನು ಪ್ರಯೋಗಶಾಲೆಯಲ್ಲಿ ಒಂದು ವರ್ಷ ಕಳೆದ ವಿದ್ಯಾರ್ಥಿಯೂ ಬಲ್ಲನು. ಯಾವ ಪರಿಸ್ಥಿತಿಯಲ್ಲಿ ದೋಷ ತೋರುತ್ತದೆಂದು ಕೊಂಡವನು ಹೇಳುತ್ತಾನೋ ಆ ಪರಿಸ್ಥಿತಿಯನ್ನು ಉಂಟುಮಾಡದೆ ನಡೆಸಿದ ಪರೀಕ್ಷೆಯು ಪರೀಕ್ಷೆಯೇ ಅಲ್ಲ. ಭಾರ ಹೊರುವುದಕ್ಕೆಂದೇ ಮಾರಿದ ಗಾಡಿಯನ್ನು ಖಾಲಿ ಓಡಿಸಿ ತೀರ್ಪು ಕೊಡುವ ಪದ್ಧತಿಯು ಹೇಗೆ ನಡೆದುಬಂದಿತೋ ನಮಗೆ ಅರ್ಥವಾಗುವುದಿಲ್ಲ.

ಹಳೆಯ ಬಂಡಿಗೆ ಈ ತೊಡಕು ಇರಲಿಲ್ಲ. ಊರ ಬಡಿಗೇರನೂ ಕಂಬಾರನೂ ಸುಗ್ಗಿಯ ಕಣದಲ್ಲಿ ಆಯವನ್ನು ಪಡೆಯುತ್ತಿದ್ದರು. ವರ್ಷವಿಡೀ ರೈತನ ಕೂರಿಗೆ ಕುಂಟೆಗಳನ್ನು ನೆಟ್ಟಗಿಡುವುದು ಅದಕ್ಕೆ ಪ್ರತಿಯಾದ ಹೊಣೆ. ಮಾಡುವವನೂ ದುರಸ್ತಿ ಮಾಡುವವನೂ ಒಬ್ಬನೇ. ಬಂಡಿಯ ಗಾಲಿ ಸಡಿಲವಾದರೆ ಅದೇ ಹಾದಿಯಲ್ಲಿ, ಅದೇ ಹೇರಿನೊಡನೆ ಉರುಳುವುದನ್ನು ಅವನೇ ಕಣ್ಣಾರೆ ನೋಡುತ್ತಿದ್ದನು. ಆ ವ್ಯವಸ್ಥೆ ಮರಳಬೇಕೆಂದು ನಾವು ಹೇಳುತ್ತಿಲ್ಲ. ಜಾತಿಗೆ ಕಟ್ಟಿಹಾಕಿದ ದುಡಿಮೆ ಅದಾಗಿತ್ತು, ಕೊರತೆಯ ವರ್ಷಗಳಲ್ಲಿ ಆಯಗಾರನ ಪಾಲಿಗೆ ಬಂದದ್ದೂ ಅಲ್ಪವೇ. ನಾವು ಗಮನಿಸಬೇಕಾದುದು ಇಷ್ಟೇ: ತಯಾರಕನು ದೂರ ಸರಿದಂತೆ ಅವನ ಕಣ್ಣು ಕೂಡ ದೂರ ಸರಿದಿದೆ. ಆ ಕಣ್ಣಿನ ಬದಲಿಗೆ ನಮಗೆ ಒಂದು ಕಾಗದ ದೊರೆತಿದೆ.

ಆ ಕಾಗದವು ಔದಾರ್ಯದಿಂದ ಹುಟ್ಟಿದ್ದಲ್ಲ. ಯಂತ್ರಗಳ ಒಂದು ದೊಡ್ಡ ಗುಂಪಿನಲ್ಲಿ ಕೆಡುವ ಪ್ರಮಾಣವನ್ನು ಕಾಲಕ್ಕೆ ಎದುರಾಗಿ ಗುರುತಿಸಿದರೆ ದೊರೆಯುವ ರೇಖೆಯು ಅನೇಕ ವೇಳೆ ಸ್ನಾನದ ತೊಟ್ಟಿಯ ಆಕಾರದಲ್ಲಿರುತ್ತದೆ: ಜೋಡಣೆಯ ತಪ್ಪು, ಲೋಹದ ಹುಳುಕುಗಳು ಹೊರಬೀಳುವ ಆರಂಭದಲ್ಲಿ ಎತ್ತರ, ನಡುವೆ ಬಹುಕಾಲ ಸಮತಟ್ಟು, ಸವೆತದ ಕಾಲದಲ್ಲಿ ಮತ್ತೆ ಎತ್ತರ. ವಾರಂಟಿಯ ಅವಧಿಯು ಮೊದಲನೆಯ ಎತ್ತರವನ್ನು ಒಳಗೊಳ್ಳುತ್ತದೆ. ಅದರ ವೆಚ್ಚವು ಗಾಡಿಯ ಬೆಲೆಯಲ್ಲಿ ಮೊದಲೇ ಸೇರಿರುತ್ತದೆ. ಆದ ಕಾರಣ ದುರಸ್ತಿಯನ್ನು ಕೇಳುವವನು ಉಪಕಾರವನ್ನು ಬೇಡುತ್ತಿಲ್ಲ.

ಇನ್ನು ನಮ್ಮ ಗಾಡಿಯ ವಿಷಯ. ಜಗಳವಾಡಿ ಬೇಸತ್ತ ಮೇಲೆ ಮನೆಯ ಕಾಲೇಜು ವಿದ್ಯಾರ್ಥಿಗಳು ಒಂದು ನೋಟುಪುಸ್ತಕವನ್ನು ತೆರೆದರು. ಗಾಲಿಗೆ ಸುಣ್ಣದ ಗುರುತಿಟ್ಟು ಒಂದು ಸುತ್ತು ಉರುಳಿಸಿ ಅಳೆದಾಗ ಅದು ಸುಮಾರು 2.2 ಮೀಟರು ಸಾಗಿತು. ಗಂಟೆಗೆ 60 ಕಿಲೋಮೀಟರೆಂದರೆ ಸೆಕೆಂಡಿಗೆ 16.7 ಮೀಟರು, ಎಂದರೆ ಗಾಲಿಯು ಸೆಕೆಂಡಿಗೆ 7.6 ಸುತ್ತು ತಿರುಗಬೇಕು. ಹಿಂದಿನ ಅಚ್ಚಿನ ಹಲ್ಲುಗಾಲಿಗಳ ಪ್ರಮಾಣವು ಸುಮಾರು 4 ಎಂದು ಕೈಪಿಡಿ ಹೇಳುತ್ತಿದ್ದುದರಿಂದ, ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುತ್ತದೆ. ನಡುಕದ ಆವೃತ್ತಿಯು 7.6ರ ಹತ್ತಿರವಿದ್ದರೆ ತಪ್ಪು ಗಾಲಿಯದು. 30ರ ಹತ್ತಿರವಿದ್ದರೆ ಶಾಫ್ಟಿನದು ಅಥವಾ ಎಂಜಿನ್ನಿನದು. ಇವೆರಡರಲ್ಲಿ ಯಾವುದೆಂದು ತಿಳಿಯುವುದೂ ಸುಲಭ. ವೇಗವನ್ನು ಬದಲಿಸದೆ ಗೇರನ್ನು ಮಾತ್ರ ಬದಲಿಸಿದರೆ ಎಂಜಿನ್ನಿನ ಸುತ್ತುಗಳು ಬದಲಾಗುತ್ತವೆ, ಶಾಫ್ಟಿನವು ಬದಲಾಗುವುದಿಲ್ಲ.

ಅಳೆಯುವ ಸಾಧನವು ಅವರ ಜೇಬಿನಲ್ಲಿಯೇ ಇದ್ದಿತು. ಇಂದಿನ ಮೊಬೈಲ್ ಫೋನುಗಳಲ್ಲಿ ವೇಗೋತ್ಕರ್ಷವನ್ನು ಗ್ರಹಿಸುವ ಸೂಕ್ಷ್ಮ ಅಂಗವೊಂದಿದೆ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಉಚಿತವಾಗಿ ಹೊರತಂದ ಫೈಫಾಕ್ಸ್ ಎಂಬ ಆ್ಯಪ್ ಈ ಅಳತೆಗಳನ್ನು ದಾಖಲಿಸುವುದಷ್ಟೇ ಅಲ್ಲದೆ, ಅವುಗಳಲ್ಲಿ ಯಾವ ಯಾವ ಆವೃತ್ತಿಗಳು ಅಡಗಿವೆಯೆಂಬುದನ್ನೂ ಬಿಡಿಸಿ ತೋರಿಸುತ್ತದೆ. (ಈ ಬಿಡಿಸುವ ಗಣಿತವನ್ನು ಫೂರಿಯೇ ತನ್ನ 1822ರ ಗ್ರಂಥದಲ್ಲಿ ಕೊಟ್ಟದ್ದು ಉಷ್ಣದ ಹರಿವನ್ನು ಕುರಿತು, ಅದು ನಮ್ಮ ನಾಡಿನ ಪಿಕಪ್ ಗಾಡಿಗೆ ಉಪಯೋಗಕ್ಕೆ ಬಂದೀತೆಂದು ಅವನು ಎಣಿಸಿರಲಾರನು.) ಫೋನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆಯೋ ಅದರ ಅರ್ಧಕ್ಕಿಂತ ಹೆಚ್ಚಿನ ಆವೃತ್ತಿಯನ್ನು ಅದು ನಂಬುವಂತೆ ಹೇಳಲಾರದೆಂಬುದನ್ನು ಮಾತ್ರ ನೆನಪಿಡಬೇಕು. ಹಿಂದಿನ ಆಸನದ ಕೆಳಗೆ ತಳಕ್ಕೆ ಫೋನನ್ನು ಪಟ್ಟಿಯಿಂದ ಬಿಗಿದು, ಚಾಲಕನಲ್ಲದ ಬೇರೊಬ್ಬರು ಬರೆದುಕೊಳ್ಳುತ್ತ, ಬೈಲಹೊಂಗಲ–ಸವದತ್ತಿ ರಸ್ತೆಯಲ್ಲಿ ಜನಸಂಚಾರ ಕಡಿಮೆಯಿದ್ದ ಹೊತ್ತಿನಲ್ಲಿ ಪ್ರಯೋಗ ನಡೆಯಿತು: ಮೊದಲು ಖಾಲಿ, ಆಮೇಲೆ ಜೋಳದ ಚೀಲಗಳನ್ನು ಹೇರಿ, ಮೂರನೆಯ, ನಾಲ್ಕನೆಯ, ಐದನೆಯ ಗೇರುಗಳಲ್ಲಿ.

ದೊರೆತ ಉತ್ತರ ಅನಿರೀಕ್ಷಿತವಾಗಿತ್ತು. 7.6ರಲ್ಲಿ ಹೇಳಿಕೊಳ್ಳುವಂಥದೇನೂ ಇರಲಿಲ್ಲ, 30ರಲ್ಲಿಯೂ ಇರಲಿಲ್ಲ. ಎತ್ತರದ ಶಿಖರವೊಂದು 60ರ ಬಳಿ ನಿಂತಿತ್ತು, ಮೂರೂ ಗೇರುಗಳಲ್ಲಿ ಅದು ಕದಲಲಿಲ್ಲ. ಖಾಲಿ ಗಾಡಿಯಲ್ಲಿ ಅದು ಚಿಕ್ಕ ಗುಡ್ಡೆ. ಹೇರಿದ ಗಾಡಿಯಲ್ಲಿ ಅದರ ಹಲವು ಪಟ್ಟು.

ಶಾಫ್ಟಿನ ಸುತ್ತಿನ ಸರಿಯಾಗಿ ಎರಡರಷ್ಟು! ಭೌತಶಾಸ್ತ್ರದ ಪುಸ್ತಕದಲ್ಲಿ ಸ್ಪ್ರಿಂಗಿನ ನಿಯಮದೊಡನೆ ಹೆಸರು ಕಾಣುವ ರಾಬರ್ಟ್ ಹುಕ್ ಎಂಬ 17ನೆಯ ಶತಮಾನದ ವಿಜ್ಞಾನಿಯು ಇಲ್ಲಿ ನೆರವಿಗೆ ಬಂದನು. ಬಾಗಿದ ಎರಡು ದಂಡಗಳನ್ನು ಕೂಡಿಸುವ ಯೂನಿವರ್ಸಲ್ ಜಾಯಿಂಟ್, ನಮ್ಮ ಗ್ಯಾರೇಜುಗಳಲ್ಲಿ 'ಕ್ರಾಸ್' ಎಂದು ಕರೆಯುವ ಭಾಗ, ಅವನ ಹೆಸರಿನಿಂದಲೂ ಪ್ರಸಿದ್ಧವಾಗಿದೆ. ಅದರ ಗುಣವೇನೆಂದರೆ, ಒಂದು ಕಡೆ ಸಮವೇಗದಲ್ಲಿ ತಿರುಗಿಸಿದರೂ ಇನ್ನೊಂದು ಕಡೆಯ ದಂಡವು ಪ್ರತಿ ಸುತ್ತಿನಲ್ಲಿ ಎರಡು ಸಲ ತುಸು ಮುಂದೋಡಿ ಎರಡು ಸಲ ತುಸು ಹಿಂದುಳಿಯುತ್ತದೆ. ದಂಡಗಳ ನಡುವಣ ಬಾಗು 10 ಅಂಶವಿದ್ದರೆ ಈ ಏರಿಳಿತವು ಎರಡೂ ಕಡೆಗೆ ಶೇಕಡಾ 1.5ರಷ್ಟು. ಆದ್ದರಿಂದಲೇ ಶಾಫ್ಟಿನ ಎರಡು ತುದಿಗಳಲ್ಲಿ ಎರಡು ಕ್ರಾಸ್‌ಗಳನ್ನಿಟ್ಟು, ಒಂದರ ಏರನ್ನು ಇನ್ನೊಂದರ ಇಳಿತವು ಅಳಿಸುವಂತೆ ಅವುಗಳ ಕವಲುಗಳನ್ನು ಒಂದೇ ನೇರದಲ್ಲಿ ಜೋಡಿಸುತ್ತಾರೆ. ಜೋಡಣೆಯ ಸಮಯದಲ್ಲಿ ಶಾಫ್ಟಿನ ಎರಡು ತುಂಡುಗಳ ಹಲ್ಲುಗಳು ಒಂದೆರಡು ಹಲ್ಲಿನಷ್ಟು ತಪ್ಪಿ ಕುಳಿತರೆ ಈ ಪರಸ್ಪರ ಅಳಿಸುವಿಕೆ ಕೆಡುತ್ತದೆ. ಗಾಡಿಗೆ ಹೇರಿದಾಗ 'ಪಾಟಾ' ಎಂದು ಕರೆಯುವ ಉಕ್ಕಿನ ಕಮಾನುಪಟ್ಟಿಗಳು ತಗ್ಗಿ ಶಾಫ್ಟಿನ ಬಾಗು ಬದಲಾಗುತ್ತದೆ. ಶಾಫ್ಟು ಹೊರಬೇಕಾದ ತಿರುಚುಬಲವೂ ಹೆಚ್ಚುತ್ತದೆ. ಅದರೊಡನೆ ಕ್ರಾಸನ್ನು ಅಲುಗಿಸುವ ಬಲವೂ ಹೆಚ್ಚುತ್ತದೆ. 55ರಿಂದ 65ರ ನಡುವೆ ಮಾತ್ರ ಏಕೆ? ಆ ವೇಗದಲ್ಲಿ ಹುಟ್ಟುವ ಆವೃತ್ತಿಯು ತಳದ ತಗಡಿನ ಸಹಜ ಆವೃತ್ತಿಯೊಡನೆ ಹೊಂದಿಕೆಯಾಗುತ್ತಿರಬೇಕು. ಸಮಯಕ್ಕೆ ಸರಿಯಾಗಿ ತಳ್ಳಿದ ಜೋಕಾಲಿಯು ಏರುವುದು ಇದೇ ನಿಯಮದಿಂದ.

ಆಲೇಖಗಳ ಪ್ರತಿಯನ್ನು ಲಗತ್ತಿಸಿ, ಚೀಲಗಳನ್ನು ಗಾಡಿಯಲ್ಲಿಯೇ ಇಟ್ಟುಕೊಂಡು ನಾಲ್ಕನೆಯ ಸಲ ಹೋದೆವು. ಅದೇ ಮೇಸ್ತ್ರಿಯು ಆಲೇಖವನ್ನು ಬಹಳ ಹೊತ್ತು ನೋಡಿ, ಗಾಡಿಯ ಕೆಳಗೆ ತೂರಿದನು. ಶಾಫ್ಟಿನ ಎರಡು ತುಂಡುಗಳ ಮೇಲಿನ ಬಾಣದ ಗುರುತುಗಳು ಎದುರುಬದುರಾಗಿರಲಿಲ್ಲ. ಬಿಚ್ಚಿ ಸರಿಯಾಗಿ ಕೂಡಿಸುವುದಕ್ಕೆ ಒಂದು ಗಂಟೆ ಕೂಡ ಹಿಡಿಯಲಿಲ್ಲ. ನಡುಕ ನಿಂತಿತು.

ನಮ್ಮ ಅದೃಷ್ಟವನ್ನು ಹೇಳಿಕೊಳ್ಳುವುದಕ್ಕಾಗಿ ಇದನ್ನು ಬರೆದಿಲ್ಲ. ಮನೆಯಲ್ಲಿ ವಿಜ್ಞಾನ ಓದುವ ಮಕ್ಕಳಿಲ್ಲದ ರೈತನ ಗತಿಯೇನು? ಕಾನೂನು ಅವನ ಕಡೆಗಿದೆಯೆಂದು ಹೇಳುವರು, ಅದು ಅರ್ಧ ನಿಜ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಅವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡ ಗಾಡಿಗೂ ಅದು ಅನ್ವಯಿಸುತ್ತದೆ. ದೂರಿಗೆ ಎರಡು ವರ್ಷಗಳ ಅವಕಾಶವಿದೆ. ಆದರೆ ವಾರಂಟಿಯಲ್ಲಿ ದೋಷಯುಕ್ತ ಭಾಗವನ್ನು ಬದಲಿಸುವ ಮಾತಷ್ಟೇ ಇದ್ದರೆ ಇಡೀ ಗಾಡಿಯನ್ನು ಬದಲಿಸಿಕೊಡಿರೆಂದು ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ತೀರ್ಮಾನಿಸಿತು. 2010ರಲ್ಲಿ, ಎಂಜಿನ್ನಿನ ಸದ್ದಿನಿಂದ ಹುಟ್ಟಿದ ಹೊಸ ಕಾರೊಂದರ ವಿವಾದದಲ್ಲಿ, ತಯಾರಿಕೆಯ ಮೂಲದೋಷವಿದೆಯೇ ಎಂಬುದಕ್ಕೆ ಸ್ವತಂತ್ರ ತಾಂತ್ರಿಕ ತಜ್ಞನ ಅಭಿಪ್ರಾಯ ಬೇಕೆಂದಿತು. ಇದು ನ್ಯಾಯವೇ. ಕೊಂಡವನ ಕೋಪವು ಪ್ರಮಾಣವಾಗಲಾರದು.

ಆದರೆ ಆ ತಜ್ಞನು ಎಲ್ಲಿದ್ದಾನೆ? ಅಳತೆಯಿಲ್ಲದೆ ದೋಷ ನಿರ್ಣಯವಾಗದಿದ್ದಾಗ ಜಿಲ್ಲಾ ಆಯೋಗವು ವಸ್ತುವನ್ನು ಮಾನ್ಯತೆ ಪಡೆದ ಪ್ರಯೋಗಶಾಲೆಗೆ ಕಳುಹಿಸಿ 45 ದಿನಗಳಲ್ಲಿ ವರದಿ ಪಡೆಯಬಹುದೆಂದೂ, ಅದರ ಶುಲ್ಕವನ್ನು ದೂರುದಾರನಿಂದ ಮೊದಲೇ ಠೇವಣಿಯಾಗಿ ಪಡೆಯಬಹುದೆಂದೂ ಅಧಿನಿಯಮ ಹೇಳುತ್ತದೆ. ವಾಹನಗಳ ಪರೀಕ್ಷೆಗೆ ಹೆಸರಾದ, 1966ರಲ್ಲಿ ಸ್ಥಾಪಿತವಾದ ಸಂಶೋಧನ ಸಂಘವಿರುವುದು ಪುಣೆಯಲ್ಲಿ. ರಾಮದುರ್ಗದವನಿಗೆ ಬೆಳಗಾವಿಯೇ ಸುಮಾರು 100 ಕಿಲೋಮೀಟರು. ಬಾಗಿದ ಶಾಫ್ಟಿನ ನಡುಕವನ್ನು ಅಳೆಯಲು ಪುಣೆಗೆ ಹೋಗಬೇಕೆಂದರೆ ಯಾರೂ ಹೋಗಲಾರರು. ನಡುಕವನ್ನೇ ರೂಢಿ ಮಾಡಿಕೊಂಡು ಇದ್ದುಬಿಡುವರು. ಹಾಗೆ ಇದ್ದುಬಿಡುವವರ ಗಾಡಿಗಳಲ್ಲಿ ಕ್ರಾಸ್ ಬೇಗ ಸವೆದು ಮುರಿಯಿತೆಂದರೆ, ಅಷ್ಟರಲ್ಲಿ ವಾರಂಟಿ ಮುಗಿದಿರುತ್ತದೆ. ಒಂದು ವೇಳೆ ಜನ ತುಂಬಿದ ಗಾಡಿಯಲ್ಲಿ, ಗುಡ್ಡದ ಏರಿನಲ್ಲಿ ಶಾಫ್ಟು ಕಳಚಿ ಬಿದ್ದರೆ ಏನಾಗುವುದೆಂಬುದನ್ನು ಹೇಳುವ ಮನಸ್ಸಾಗುವುದಿಲ್ಲ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 1998ರಿಂದ ಬೆಳಗಾವಿಯಲ್ಲಿಯೇ ಇದೆ. ಜಿಲ್ಲೆಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳೂ ಪಾಲಿಟೆಕ್ನಿಕ್‌ಗಳೂ ಇವೆ. ಅವುಗಳ ಪ್ರಯೋಗಶಾಲೆಗಳಲ್ಲಿ ಕಂಪನವನ್ನು ಅಳೆಯುವ ಸಾಧನಗಳು ವರ್ಷಕ್ಕೊಮ್ಮೆ ಪರೀಕ್ಷೆಯ ಕಾಲದಲ್ಲಿ ಹೊರಬರುವುದಕ್ಕಿಂತ, ತಿಂಗಳಿಗೊಂದು ಗಾಡಿಯ ಕೆಳಗೆ ಕೆಲಸ ಮಾಡುವುದು ಲೇಸು. ರಾಜ್ಯ ಸರಕಾರವು ಇಂಥ ಪ್ರಯೋಗಶಾಲೆಗಳಿಗೆ ಮಾನ್ಯತೆ ಕೊಡಬಹುದು, ಕೊಡಬೇಕು ಎಂಬುದು ನಮ್ಮ ಅಭಿಪ್ರಾಯ. ವಿದ್ಯಾರ್ಥಿಗಳ ಅಳತೆಯನ್ನು ನಂಬುವುದು ಹೇಗೆಂದು ಆಕ್ಷೇಪಿಸುವವರಿದ್ದಾರೆ. ಸಾಧನವನ್ನು ಕಾಲಕಾಲಕ್ಕೆ ತಾಳೆ ನೋಡಿ, ಅಧ್ಯಾಪಕರು ಸಹಿ ಮಾಡಿ, ಎದುರು ಪಕ್ಷದವರ ಸಮ್ಮುಖದಲ್ಲಿಯೇ ಅಳೆದರೆ ಆಕ್ಷೇಪವು ಉಳಿಯುವುದಿಲ್ಲ. ಖಾಲಿ ಗಾಡಿಯನ್ನು ಒಂದು ಸುತ್ತು ಓಡಿಸಿ ಬರೆದ ಎರಡು ಪದಗಳಿಗಿಂತ ಅದು ಹೆಚ್ಚು ವಿಶ್ವಾಸಾರ್ಹ.

ಮಾನ್ಯತೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಮೋಟಾರು ವಾಹನ ಅಧಿನಿಯಮಕ್ಕೆ 2019ರಲ್ಲಿ ಸೇರಿಸಿದ 110ಎ ಕಲಮಿನ ಮೇರೆಗೆ, ಒಂದೇ ಮಾದರಿಯ ಗಾಡಿಗಳಲ್ಲಿ ಅಪಾಯಕರ ದೋಷವಿದೆಯೆಂದು ನಿಗದಿತ ಪ್ರಮಾಣದ ಒಡೆಯರು ತಿಳಿಸಿದರೆ ಆ ಗಾಡಿಗಳನ್ನೆಲ್ಲ ಹಿಂದಕ್ಕೆ ಕರೆಸುವಂತೆ ಸರಕಾರವು ಆದೇಶಿಸಬಹುದು. ತಿಳಿಸಬೇಕಾದವರು ತಮ್ಮ ಗಾಡಿಯದು ದೋಷವೆಂದು ಮೊದಲು ಅರಿತಿರಬೇಕಲ್ಲವೆ? ಪಕ್ಕದ ಮನೆಯವರ ಹೊಸ ಪಂಪಿನ ಸದ್ದು, ಟ್ರ್ಯಾಕ್ಟರಿನ ನಡುಕ ಇವನ್ನು ಅಳೆದುಕೊಡುವುದು ನಮ್ಮ ಕಿರಿಯ ವಾಚಕರಿಗೆ ಒಂದು ಮಧ್ಯಾಹ್ನದ ಕೆಲಸ. ದಿನಾಂಕ, ವೇಗ, ಗೇರು, ಭಾರ ಇವನ್ನು ಬರೆಯುವುದನ್ನು ಮಾತ್ರ ಮರೆಯಬಾರದು. ಜಾಬ್ ಕಾರ್ಡಿನ ಪ್ರತಿಯನ್ನು ಪ್ರತಿ ಸಲವೂ ಕೇಳಿ ಪಡೆಯಬೇಕು.

ನಮ್ಮ ಆಲೇಖದ ಒಂದು ಪ್ರತಿಯನ್ನು ಆ ಮೇಸ್ತ್ರಿಯು ಇಟ್ಟುಕೊಂಡಿದ್ದಾನೆ. ಫೋನಿನಲ್ಲಿ ಅದನ್ನು ತೆಗೆಯುವ ಬಗೆಯನ್ನೂ ಮಕ್ಕಳಿಂದ ಕೇಳಿ ತಿಳಿದುಕೊಂಡನು. ನಾಲ್ಕು ಸಲ ಹೋಗಿಬಂದ ಡೀಸೆಲಿನ ವೆಚ್ಚವನ್ನು ಕೇಳಿ ಮಾರಾಟಗಾರರಿಗೆ ನಾವು ಬರೆದ ಪತ್ರಕ್ಕೆ ಉತ್ತರವು ಇನ್ನೂ ಬಂದಿಲ್ಲ.