ಅರಬ್ಬಿ ವ್ಯಾಕರಣ ಮತ್ತು ಕನ್ನಡ ಸಂಶೋಧಕ

ರಾಷ್ಟ್ರಕೂಟರ ಕಾಲದ ಕರ್ನಾಟಕವನ್ನು ಅರಿಯಲು ಶಾಸನಗಳು, ಕವಿರಾಜಮಾರ್ಗ ಮತ್ತು ಸಂಸ್ಕೃತ-ಪ್ರಾಕೃತಗಳ ಜೈನ ಕೃತಿಗಳ ಜೊತೆಗೆ ಅರಬ್ಬಿ ಬರೆಹಗಳೂ ಆಕರಗಳಾಗಿವೆ. ಕ್ರಿ.ಶ. 851ರಲ್ಲಿ, ಎಂದರೆ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿಯೇ, ರಚಿತವಾದ ಅರಬ್ಬಿ ವೃತ್ತಾಂತವೊಂದು ‘ಬಲ್‌ಹರಾ’ ಎಂಬ ದೊರೆಯನ್ನು ಜಗತ್ತಿನ ನಾಲ್ವರು ಮಹಾರಾಜರ ಸಾಲಿನಲ್ಲಿ ನಿಲ್ಲಿಸುತ್ತದೆ. ಹತ್ತನೆಯ ಶತಮಾನದ ಅಲ್ ಮಸೂದಿ ಆತನ ರಾಜಧಾನಿಯನ್ನು ‘ಮಾನ್‌ಕೀರ್’ ಎಂದು ಕರೆದು, ಅಲ್ಲಿಯ ಜನರ ನುಡಿಯನ್ನು ‘ಕೀರಿಯ’ ಎಂದು ಹೆಸರಿಸುತ್ತಾನೆ. ಕನ್ನಡ ಪ್ರಬಂಧಗಳಲ್ಲಿ ಈ ಉಲ್ಲೇಖಗಳು ಸಾಮಾನ್ಯವಾಗಿ ಇಂಗ್ಲಿಷ್ ಅನುವಾದಗಳ ಮೂಲಕವೇ ಬರುತ್ತವೆ. ಅನುವಾದ ಮಾಹಿತಿಯನ್ನು ಕೊಡಬಲ್ಲುದು. ಆ ಮಾಹಿತಿಯನ್ನು ಪರೀಕ್ಷಿಸುವ ಅಧಿಕಾರವನ್ನು ಕೊಡಲಾರದು.

‘ವಲ್ಲಭರಾಜ’ ಎಂಬ ಬಿರುದು ಪ್ರಾಕೃತದಲ್ಲಿ ‘ವಲ್ಲಹರಾಯ’ವಾಗಿ, ಅರಬ್ಬಿಯಲ್ಲಿ ‘ಬಲ್‌ಹರಾ’ ಆಯಿತೆಂಬುದನ್ನು ವಿದ್ವಾಂಸರು ಒಪ್ಪಿದ್ದಾರೆ. ಮಾನ್ಯಖೇಟವು ಮಾನ್‌ಕೀರ್ ಆದುದಕ್ಕೆ ನಮ್ಮ ಟ-ಡಗಳಂತಹ ಮೂರ್ಧನ್ಯಗಳು ಆ ಭಾಷೆಯಲ್ಲಿ ಇಲ್ಲದಿರುವುದು ಕಾರಣ. ‘ಕೀರಿಯ’ದ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಪದದ ನಡುವೆ ಬರುವ ಯಕಾರ ಮತ್ತು ನಕಾರಗಳಿಗೆ ಅರಬ್ಬಿ ಲಿಪಿಯಲ್ಲಿ ಒಂದೇ ಆಕಾರ. ಕೆಳಗೆ ಎರಡು ಚುಕ್ಕೆಗಳಿದ್ದರೆ ಯಕಾರ, ಮೇಲೆ ಒಂದಿದ್ದರೆ ನಕಾರ. ಲಿಪಿಕಾರನ ಚುಕ್ಕೆ ಸ್ಥಾನ ತಪ್ಪಿದ್ದರೆ ಮೂಲದ ಪಾಠ ‘ಕನರಿಯ’ ಎಂದು ಇದ್ದಿರಬಹುದೆ? ಉತ್ತರ ಏನೇ ಇರಲಿ, ಇಂಗ್ಲಿಷನ್ನು ಮಾತ್ರ ಓದುವವನಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಕನ್ನಡದ ಹೆಸರಿಗೆ ಸಂಬಂಧಿಸಿರಬಹುದಾದ ಪ್ರಶ್ನೆಯನ್ನು ಕನ್ನಡ ಸಂಶೋಧಕನೇ ಕೇಳಲಾರದಂತಾಗಿರುವುದು ಚಿಂತಿಸಬೇಕಾದ ಸಂಗತಿ.

ಅರಬ್ಬಿಯನ್ನು ಕಲಿಯಹೊರಟವರಲ್ಲಿ ಹಲವರು ಪದಪಟ್ಟಿಗಳನ್ನು ಬಾಯಿಪಾಠ ಮಾಡಿ ಬೇಗನೆ ಸೋಲುತ್ತಾರೆ. ಆ ಭಾಷೆಯಲ್ಲಿ ಶಬ್ದಸಂಪತ್ತು ವ್ಯಾಕರಣದಿಂದ ಬೇರೆಯಾಗಿ ನಿಲ್ಲುವುದಿಲ್ಲ. ಬಹುಪಾಲು ಪದಗಳು ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ; ಸ್ವರಗಳೂ ಉಪಸರ್ಗ-ಪ್ರತ್ಯಯಗಳೂ ನಿಯತವಾದ ಅಚ್ಚುಗಳಲ್ಲಿ ಆ ಧಾತುವನ್ನು ಎರಕಹೊಯ್ಯುತ್ತವೆ. ಪ್ರಾಚೀನ ನಿಘಂಟುಗಳ ವಿನ್ಯಾಸಕ್ಕೂ ಧಾತುವೇ ಆಧಾರ. ಹೀಗಾಗಿ ‘ಮಹ್‌ಸೂಲ್’ ಎಂಬುದನ್ನು ಮಕಾರದಲ್ಲಿ ಅಲ್ಲ, ಹ-ಸ-ಲ ಧಾತುವಿನ ಕೆಳಗೆ ಹುಡುಕಬೇಕು. ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯದ ಕಾರಣ, ವಿಭಕ್ತಿಯನ್ನೂ ಪ್ರಯೋಗವನ್ನೂ ಅರಿಯದವನಿಗೆ ಸಾಲನ್ನು ಸರಿಯಾಗಿ ಉಚ್ಚರಿಸುವುದೂ ಕಷ್ಟ.

ಈ ರಚನೆಯನ್ನು ಗ್ರಹಿಸಲು ಕನ್ನಡಿಗನಿಗೆ ಬೇಕಾದ ಸಾಮಗ್ರಿ ಅವನ ನುಡಿಯಲ್ಲಿಯೇ ಇದೆ. ಕಂದಾಯದ ಪರಿಭಾಷೆಯ ತಹಸೀಲು, ಮಹಸೂಲು ಎರಡೂ ಹ-ಸ-ಲ ಧಾತುವಿನವು: ಮೊದಲನೆಯದು ಸಂಗ್ರಹಿಸುವ ಕ್ರಿಯೆ, ಎರಡನೆಯದು ಸಂಗ್ರಹವಾದುದು. ಅಮಲು, ಮಾಮೂಲು ಒಂದು ಧಾತುವಿನ ಮಕ್ಕಳು; ಹಾಜರು, ಹುಜೂರು ಮತ್ತೊಂದರವು. ಮಹಸೂಲು-ಮಾಮೂಲುಗಳಲ್ಲಿ ಕೇಳುವ ಪ್ರಾಸ ಆಕಸ್ಮಿಕವಲ್ಲ. ಎರಡೂ ಕರ್ಮಣಿ ಕೃದಂತದ ಒಂದೇ ಅಚ್ಚಿನವು. ಹಾಜರು, ಖಾಯಂ ಎಂಬುವು ಕರ್ತರಿ ಕೃದಂತಗಳು.

ಆದರೆ ಈ ಪರಿಚಯವನ್ನು ಅತಿಯಾಗಿ ನಂಬಲಾಗದು. ಇಂತಹ ಪದಗಳು ಹೆಚ್ಚಾಗಿ ಪಾರಸಿಯ ಮೂಲಕ, ಆಡಳಿತದ ದಾರಿಯಲ್ಲಿ ಕನ್ನಡಕ್ಕೆ ಬಂದವು. ಬರುವಾಗ ಅರ್ಥವನ್ನು ಬದಲಿಸಿಕೊಂಡವು. ಕನ್ನಡದಲ್ಲಿ ಆಕ್ಷೇಪ, ಜಗಳವನ್ನು ಸೂಚಿಸುವ ‘ತಕರಾರು’ ಅರಬ್ಬಿಯಲ್ಲಿ ಪುನರಾವೃತ್ತಿ. ಕನ್ನಡದ ಅರ್ಥವನ್ನೇ ಹಳೆಯ ಅರಬ್ಬಿ ಗ್ರಂಥಕ್ಕೆ ಹೊರಿಸಿದರೆ ಅನರ್ಥವಾಗುತ್ತದೆ. ಪದದ ನೆನಪು ತಪ್ಪುದಾರಿ ಹಿಡಿಸಿದಲ್ಲಿ ಕಾಯುವುದು ವ್ಯಾಕರಣ ಮತ್ತು ಸಂದರ್ಭ.

ಶಾಸ್ತ್ರಪರಂಪರೆಯ ದೃಷ್ಟಿಯಿಂದಲೂ ಅರಬ್ಬಿ ವ್ಯಾಕರಣ ಕನ್ನಡಿಗನಿಗೆ ಅನ್ಯವಲ್ಲ. ಎಂಟನೆಯ ಶತಮಾನದ ಖಲೀಲನ ‘ಕಿತಾಬುಲ್ ಐನ್’ ನಿಘಂಟು ಅಕ್ಷರಗಳನ್ನು ಗಂಟಲಿನಿಂದ ತುಟಿಯ ಕಡೆಗೆ ಉಚ್ಚಾರಸ್ಥಾನದ ಕ್ರಮದಲ್ಲಿ ಜೋಡಿಸುತ್ತದೆ. ಕವರ್ಗದಿಂದ ಪವರ್ಗಕ್ಕೆ ಸಾಗುವ ವರ್ಣಮಾಲೆಯಲ್ಲಿ ಬೆಳೆದವನಿಗೆ ಅದು ಪರಿಚಿತ ನಡಿಗೆ. ಖಲೀಲನ ಶಿಷ್ಯ ಸೀಬವೈಹಿ ಪರ್ಷಿಯ ಮೂಲದವನು. ಅರಬ್ಬಿ ವ್ಯಾಕರಣದ ಆಧಾರಗ್ರಂಥವನ್ನು ರಚಿಸಿದವನು ಅವನೇ. ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿದ ವಿದ್ಯಾರ್ಥಿಗೆ ಧಾತು, ಕೃದಂತ, ವಿಭಕ್ತಿಗಳನ್ನು ಹೊಸದಾಗಿ ವಿವರಿಸಬೇಕಿಲ್ಲ. ಭಟ್ಟಾಕಳಂಕನು 1604ರಲ್ಲಿ ಕನ್ನಡಕ್ಕೆ ಸಂಸ್ಕೃತದಲ್ಲಿ ವ್ಯಾಕರಣ ಬರೆದುದು, ಒಂದು ಭಾಷೆಯ ಶಾಸ್ತ್ರ ಇನ್ನೊಂದರ ಬೆಳಕಿನಲ್ಲಿ ಬೆಳಗಬಲ್ಲುದೆಂಬುದಕ್ಕೆ ನಿದರ್ಶನ.

ಅರಬ್ಬಿಯನ್ನು ಒಂದು ಮತದ ಭಾಷೆಯೆಂದು ಬದಿಗಿಡುವುದು ಸರಿಯಲ್ಲ. ಪ್ರಾಕೃತವನ್ನು ಜೈನರ ಭಾಷೆಯೆಂದಷ್ಟೇ ಎಣಿಸಿದ್ದರೆ ಹಳಗನ್ನಡದ ಎಷ್ಟೋ ತದ್ಭವಗಳ ಮೂಲ ತಿಳಿಯುತ್ತಿರಲಿಲ್ಲ. ಕನ್ನಡ ಅಧ್ಯಯನ ವಿಭಾಗಗಳು ಎಲ್ಲರಿಗೂ ಅರಬ್ಬಿಯನ್ನು ವಿಧಿಸಬೇಕಿಲ್ಲ. ರಾಷ್ಟ್ರಕೂಟರ ಅಥವಾ ಬಹಮನಿ-ಆದಿಲಶಾಹಿಗಳ ಕಾಲವನ್ನು ಆರಿಸಿಕೊಂಡ ಸಂಶೋಧಕನಿಗಾದರೂ ಶಾಸನಲಿಪಿಯಷ್ಟೇ ಶಿಸ್ತಿನಿಂದ ಅರಬ್ಬಿಯ ಲಿಪಿ, ಧಾತು ಮತ್ತು ರೂಪಗಳನ್ನು ಕಲಿಸುವ ಏರ್ಪಾಡು ಆಗಬೇಕು. ಮಾನ್ಯಖೇಟದ ಬಗ್ಗೆ ಅರಬ್ಬರು ಬರೆದುದನ್ನು ಮಾನ್ಯಖೇಟದ ನುಡಿಯವರು ಮೂಲದಲ್ಲಿಯೇ ಓದುವಂತಾಗಬೇಕು.