ಅಳಿಸಿದ್ದು ಅಳಿಯಿತೇ?

ಹೇಮಾವತಿಯ ಉಗಮಸ್ಥಾನವಾದ ಜಾವಳಿಯ ಸುತ್ತಣ ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕವಿಡದ ಬೆಳೆಗಾರರು ವಿರಳ. ದಿನದ ಮಳೆಯನ್ನು ಅಳೆದು ಇಂಚು, ಸೆಂಟುಗಳಲ್ಲಿ ಬರೆದಿಡುವುದು ಅಲ್ಲಿಯ ವಾಡಿಕೆ. ಹೂಮಳೆ ಯಾವಾಗ, ಎಷ್ಟು ಬಂದಿತೆಂಬುದರ ಮೇಲೆ ವರ್ಷದ ಫಸಲು ನಿಂತಿರುವುದರಿಂದ ಇದು ಹಣದ ಲೆಕ್ಕಕ್ಕಿಂತ ಕಡಿಮೆಯದಲ್ಲ. ನಮಗೆ ಪರಿಚಿತವಾದ ಅಂಥದೊಂದು ಮನೆಯಲ್ಲಿ ಹನ್ನೆರಡು ವರ್ಷಗಳ ಲೆಕ್ಕ ಒಂದು ಪೆನ್‌ಡ್ರೈವ್‌ನಲ್ಲಿತ್ತು. ಬೇರೆ ಪ್ರತಿ ಇರಲಿಲ್ಲ. ಆ ಮನೆಯ ಹುಡುಗನು ಜಾಗ ಸಾಲದೆಂದು ಆ ಫೋಲ್ಡರನ್ನು ಡಿಲೀಟ್ ಮಾಡಿ, ಅಲ್ಲಿಗೆ ಒಂದು ಚಲನಚಿತ್ರವನ್ನು ತುಂಬಿಸಿಕೊಂಡನು. ನಾವು ಹೋಗಿ ಪ್ರಯತ್ನಿಸಿದಾಗ ಏಳು ವರ್ಷಗಳ ಲೆಕ್ಕ ಮರಳಿ ಸಿಕ್ಕಿತು. ಐದು ವರ್ಷಗಳದು ಹೋಯಿತು. ಆ ಐದು ವರ್ಷಗಳನ್ನು ನುಂಗಿದ್ದು ಡಿಲೀಟ್ ಗುಂಡಿಯಲ್ಲ, ಆ ಚಲನಚಿತ್ರ.

ಇದು ಹೇಗೆಂದು ವಾಚಕರು ಕೇಳಬಹುದು. ಪೆನ್‌ಡ್ರೈವ್‌ಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಫ್ಯಾಟ್ ಎಂಬ ವ್ಯವಸ್ಥೆಯಲ್ಲಿ, ಯಾವ ಕಡತ ಎಲ್ಲಿದೆಯೆಂಬುದಕ್ಕೆ ಒಂದು ಪಟ್ಟಿಯಿರುತ್ತದೆ. ನಾವು ಡಿಲೀಟ್ ಎಂದಾಗ ಯಂತ್ರವು ಪಟ್ಟಿಯಲ್ಲಿ ಆ ಕಡತದ ಹೆಸರಿನ ಮೊದಲಕ್ಷರದ ಸ್ಥಾನದಲ್ಲಿ ಒಂದು ಗುರುತು ಹಾಕಿ, ಅದು ಇದ್ದ ಜಾಗವನ್ನು ‘ಖಾಲಿ’ ಎಂದು ಬರೆದುಕೊಳ್ಳುತ್ತದೆ, ಅಷ್ಟೆ. ಪಹಣಿಯಲ್ಲಿ ಯಜಮಾನನ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ತೋಟದ ಗಿಡಗಳು ಮಾಯವಾಗುವುವೇ? ಹೊಸಬನು ಬಂದು ಕಿತ್ತು ಬೇರೆ ನೆಡುವವರೆಗೂ ಅವು ನಿಂತೇ ಇರುತ್ತವೆ. ಆದುದರಿಂದ ಕೈತಪ್ಪಿ ಅಳಿಸಿದವನು ಮೊದಲು ಮಾಡಬೇಕಾದ ಕೆಲಸವೆಂದರೆ ಆ ಪೆನ್‌ಡ್ರೈವನ್ನು ಕಿತ್ತು ಪಕ್ಕಕ್ಕಿಡುವುದು. ಆಮೇಲೆ ಫೋಟೋರೆಕ್‌ನಂಥ ಉಚಿತ ತಂತ್ರಾಂಶದಿಂದ ಹುಡುಕಬಹುದು. ಗಣಕದೊಳಗಿನ ಡಿಸ್ಕಿನಿಂದ ತೆಗೆದದ್ದು ಸಾಮಾನ್ಯವಾಗಿ ಮೊದಲು ಕಸದ ಬುಟ್ಟಿಗೆ ಹೋಗುತ್ತದೆ. ವಿಂಡೋಸ್‌ನಲ್ಲಿ ಪೆನ್‌ಡ್ರೈವ್‌ನಿಂದ ತೆಗೆದದ್ದಕ್ಕೆ ಆ ಬುಟ್ಟಿಯೂ ಇಲ್ಲ.

ನಿಜವಾಗಿ ಅಳಿಸುವುದು ಪುಕ್ಕಟೆಯ ಕೆಲಸವಲ್ಲ. ಒಂದು ಬಿಟ್ ಮಾಹಿತಿಯನ್ನು ಅಳಿಸುವಾಗ ಇಂತಿಷ್ಟು ಶಾಖವಾದರೂ ಹೊರಬೀಳಲೇಬೇಕೆಂದು ರಾಲ್ಫ್ ಲ್ಯಾಂಡವರ್ 1961ರಲ್ಲಿ ತೋರಿಸಿದರು. ಕೋಣೆಯ ಉಷ್ಣತೆಯಲ್ಲಿ ಆ ಕನಿಷ್ಠ ಮಿತಿ ಒಂದು ಜೌಲನ್ನು ಲಕ್ಷ ಕೋಟಿ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿನಲ್ಲಿ ನೂರಕ್ಕೆ ಮೂರರಷ್ಟಕ್ಕಿಂತಲೂ ಕಡಿಮೆ! ಭೌತವಿಜ್ಞಾನದ ಅಧ್ಯಾಪಕರಾದ ನಮಗೆ ಇದನ್ನು ಹೇಳದೆ ಮುಂದೆ ಹೋಗುವ ಮನಸ್ಸಾಗಲಿಲ್ಲ.

ಈ ಅರೆ ಅಳಿಸುವಿಕೆಯಿಂದ ಹುಡುಗನಿಗೆ ಲಾಭವಾಯಿತು. ಆದರೆ ಹಳೆಯ ಗಣಕವನ್ನು ಮಾರುವವನಿಗೆ ಅದೇ ಕುತ್ತು. ಅಮೆರಿಕದ ಎಂ.ಐ.ಟಿ.ಯ ಇಬ್ಬರು ವಿದ್ಯಾರ್ಥಿಗಳು, ಗಾರ್ಫಿಂಕೆಲ್ ಮತ್ತು ಶೆಲಾಟ್, 158 ಹಳೆಯ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ವರದಿ ಮಾಡಿದರು. ಕೆಲಸ ಮಾಡುತ್ತಿದ್ದ 129ರಲ್ಲಿ 69ರಿಂದ ಕಡತಗಳು ಮರಳಿ ದೊರೆತವು. ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳೂ ಅವುಗಳಲ್ಲಿದ್ದವು. ನಮ್ಮ ಪೇಟೆಗಳಲ್ಲಿ ಕೈಬದಲಾಗುವ ಗಣಕಗಳಲ್ಲಿಯೂ ಬ್ಯಾಂಕಿನ ಪತ್ರಗಳು, ಆಧಾರ್ ಪ್ರತಿಗಳು, ಹೆಣ್ಣುಮಕ್ಕಳ ಭಾವಚಿತ್ರಗಳು ಉಳಿದಿರುವ ಸಂಭವವುಂಟು.

ತಿರುಗುವ ಹಳೆಯ ಹಾರ್ಡ್ ಡಿಸ್ಕನ್ನು ಮಾರುವ ಮುನ್ನ ಅದರ ಉದ್ದಗಲಕ್ಕೂ ಒಮ್ಮೆ ಸೊನ್ನೆಗಳನ್ನು ಬರೆಸಿದರೆ ಸಾಕು. ಈಗಿನ ಎಸ್‌ಎಸ್‌ಡಿಗಳ ರೀತಿ ಬೇರೆ. ಅಳಿಸಿದ ಜಾಗವನ್ನು ಅವು ತಾವೇ ಬೇಗನೆ ಶುಚಿಮಾಡಿಕೊಳ್ಳುವುದರಿಂದ ಕಳೆದದ್ದು ಮರಳುವ ಆಸೆ ಕಡಿಮೆ. ಬರವಣಿಗೆಯನ್ನು ತಮಗೆ ಬೇಕಾದಲ್ಲಿಗೆ ಸರಿಸುವುದರಿಂದ ಮೇಲೆ ಬರೆದು ಮುಚ್ಚಿದೆವೆಂಬ ಭರವಸೆಯೂ ಇಲ್ಲ. ಇವುಗಳಿಗೆ ಮೊದಲ ದಿನದಿಂದಲೇ ಗೂಢಲಿಪೀಕರಣ ಮಾಡಿ, ಕೊಡುವಾಗ ತಯಾರಕರೇ ಒದಗಿಸಿರುವ ಅಳಿಸುವ ಆದೇಶವನ್ನು ಬಳಸುವುದು ಲೇಸು.

ನಮ್ಮ ಶಾಲೆ ಕಾಲೇಜುಗಳಲ್ಲಿ ಯಾವ ಗುಂಡಿ ಒತ್ತಬೇಕೆಂಬುದನ್ನು ಕಲಿಸುವಷ್ಟು ಶ್ರದ್ಧೆಯಿಂದ, ಒತ್ತಿದ ಮೇಲೆ ಏನಾಗುತ್ತದೆಂಬುದನ್ನು ಕಲಿಸುತ್ತಿಲ್ಲವೆಂದು ನಮ್ಮ ದೂರು. ಇದಕ್ಕೆ ಒಂದು ಪೀರಿಯಡ್ ಸಾಕು: ಹಳೆಯ ಪೆನ್‌ಡ್ರೈವ್‌ಗೆ ಹತ್ತು ಕಡತ ಹಾಕಿ, ಅಳಿಸಿ, ಮರಳಿ ಪಡೆಯಲಿ, ಆಮೇಲೆ ಒಂದು ದೊಡ್ಡ ಕಡತವನ್ನು ತುಂಬಿಸಿ, ಅದನ್ನೂ ಅಳಿಸಿ, ಎಷ್ಟು ಉಳಿದವೆಂದು ಎಣಿಸಲಿ. ಮಳೆಯ ಲೆಕ್ಕ ಕಳೆದ ಹುಡುಗನು ಈಗ ಆ ಐದು ವರ್ಷಗಳನ್ನು ಪಕ್ಕದ ತೋಟದವರ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದಾನೆ. ಗುಡ್ಡದ ಆಚೆಗೆ ಬಿದ್ದಷ್ಟೇ ಮಳೆ ಈಚೆಗೂ ಬಿದ್ದಿತ್ತೆಂದು ಅವನ ತಂದೆ ಒಪ್ಪುತ್ತಿಲ್ಲ.